ಎರಡು ಸೆಕ್ಷನ್, ಎರಡು ವಿಧಾನ: ಹೈಸ್ಕೂಲ್ ವಿಜ್ಞಾನ ಪಾಠಗಳನ್ನು ಹೋಲಿಸಿ ನೋಡುವುದು ಹೇಗೆ?

ಪ್ರತಿ ತರಬೇತಿಯಲ್ಲೂ ಒಂದು ಹೊಸ ಬೋಧನಾ ವಿಧಾನದ ಹೆಸರು ಕಿವಿಗೆ ಬೀಳುತ್ತದೆ. ಚಟುವಟಿಕೆ ಆಧಾರಿತ ಕಲಿಕೆ, 5ಇ, ರಚನಾವಾದ, ಯೋಜನಾ ವಿಧಾನ. ಶಾಲೆಗೆ ವಾಪಸ್ ಬಂದರೆ ಅದೇ 40 ನಿಮಿಷದ ಪೀರಿಯಡ್, ತುಂಬಿದ ತರಗತಿ, ಮುಗಿಸಬೇಕಾದ ಪೋರ್ಷನ್. ಹೊಸದನ್ನು ಮಾಡಿ ನೋಡಿದವರು "ಮಕ್ಕಳು ತುಂಬಾ ಖುಷಿಪಟ್ಟರು" ಎನ್ನುತ್ತಾರೆ. ಮಾಡದವರು "ಬೋರ್ಡ್ ಮೇಲೆ ಬರೆದರೇನೇ ತಲೆಗೆ ಹೋಗೋದು" ಎನ್ನುತ್ತಾರೆ. ಪುರಾವೆ ಏನು ಅಂತ ಕೇಳಿದರೆ ಇಬ್ಬರೂ ತಡಬಡಾಯಿಸುತ್ತಾರೆ.

ಆ ಪುರಾವೆಯನ್ನು ನಿಮ್ಮ ತರಗತಿಯಲ್ಲೇ ಹುಡುಕಬಹುದು. ಅದಕ್ಕೆ ಬೇಕಾದದ್ದು ಎರಡು ಸೆಕ್ಷನ್ (ಒಂದೇ ಇದ್ದರೂ ದಾರಿ ಇದೆ), ಹತ್ತು ಪ್ರಶ್ನೆಗಳ ಒಂದು ಹಾಳೆ, ಮತ್ತು ಮೂರು ವಾರ ಕಾಯುವ ತಾಳ್ಮೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಕೆಲಸ ಹೇಗೆ ಅಂತ ಇಲ್ಲಿ ಹೇಳುತ್ತೇನೆ. "ಯಾವ ವಿಧಾನ ಒಳ್ಳೆಯದು?" ಅಂತ ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. "ಈ ಪಾಠದ ಈ ತೊಡಕಿಗೆ, ಈ ಎರಡರಲ್ಲಿ ಯಾವುದು?" ಅಂತ ಕೇಳಿದರೆ ಸಿಗುತ್ತದೆ. ಮುಂದಿನದೆಲ್ಲ ಈ ಎರಡನೇ ಪ್ರಶ್ನೆಗೆ ಸಂಬಂಧಿಸಿದ್ದು.

ಹೆಜ್ಜೆ 1: ಪಾಠ ಬೇಡ, ತೊಡಕು ಹಿಡಿಯಿರಿ

ಇಡೀ ಅಧ್ಯಾಯವನ್ನು ಹೋಲಿಕೆಗೆ ತೆಗೆದುಕೊಂಡರೆ ಏನೂ ತಿಳಿಯುವುದಿಲ್ಲ. ಒಂದು ಅಧ್ಯಾಯದಲ್ಲಿ ವ್ಯಾಖ್ಯೆ ಇರುತ್ತದೆ, ಲೆಕ್ಕ ಇರುತ್ತದೆ, ಚಿತ್ರ ಇರುತ್ತದೆ, ಪ್ರಯೋಗ ಇರುತ್ತದೆ. ಒಂದಕ್ಕೆ ಒಗ್ಗಿದ ವಿಧಾನ ಇನ್ನೊಂದಕ್ಕೆ ಒಗ್ಗಬೇಕು ಅಂತೇನಿಲ್ಲ. ಆದ್ದರಿಂದ ಮಕ್ಕಳು ಪ್ರತಿ ವರ್ಷ ಎಡವುವ ಒಂದು ಜಾಗ ನೋಡಿಕೊಳ್ಳಿ.

ವಿದ್ಯುಚ್ಛಕ್ತಿ ಪಾಠದಲ್ಲಿ ಆ ಜಾಗ ಯಾವುದು ಅಂತ ಅನುಭವಿ ಶಿಕ್ಷಕರಿಗೆ ಗೊತ್ತೇ ಇದೆ. ಬಲ್ಬ್ ಉರಿಯುವಾಗ ಕರೆಂಟ್ "ಖರ್ಚಾಗುತ್ತದೆ" ಎಂಬ ನಂಬಿಕೆ. ಸೆಲ್ಲಿನಿಂದ ಹೊರಟ ವಿದ್ಯುತ್ ಪ್ರವಾಹದಲ್ಲಿ ಒಂದಷ್ಟನ್ನು ಮೊದಲ ಬಲ್ಬ್ ತಿನ್ನುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಅಂತ ಬಹಳ ಮಕ್ಕಳು ಅಂದುಕೊಂಡಿರುತ್ತಾರೆ. ಸರಣಿ ಜೋಡಣೆಯಲ್ಲಿ ಎಲ್ಲೆಡೆ ಪ್ರವಾಹ ಒಂದೇ ಅಂತ ಬಾಯಿಪಾಠ ಒಪ್ಪಿಸಿದ ಹುಡುಗಿಯೇ, ಎರಡು ಬಲ್ಬುಗಳ ಚಿತ್ರ ತೋರಿಸಿ ಯಾವುದು ಜಾಸ್ತಿ ಬೆಳಗುತ್ತದೆ ಅಂತ ಕೇಳಿದರೆ "ಮೊದಲನೇದು ಸರ್" ಎನ್ನುತ್ತಾಳೆ. ಮನೆಯಲ್ಲಿ ಕರೆಂಟ್ ಬಿಲ್ ಬರುತ್ತದೆ, ಕರೆಂಟ್ ಉಳಿಸಿ ಅಂತ ಅಮ್ಮ ಗದರುತ್ತಾರೆ. ಹಾಗಿರುವಾಗ ಕರೆಂಟ್ ಖರ್ಚಾಗುವುದಿಲ್ಲ ಅಂದರೆ ಮಕ್ಕಳು ಯಾಕೆ ನಂಬಬೇಕು? ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ಈ ಭೇದ ಮೂಡಿಸುವುದೇ ನಮ್ಮ ತೊಡಕು.

ಇನ್ನೊಂದು ತೊಡಕನ್ನೂ ಜೊತೆಗೆ ಬರೆದಿಟ್ಟುಕೊಳ್ಳಿ, ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ. ಬೆಳಕಿನ ಪಾಠದ ಅಭ್ಯಾಸದಲ್ಲಿರುವ ಪ್ರಶ್ನೆ: ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ಣ ಬಿಂಬ ಬರುತ್ತದೆಯೇ? ಮಕ್ಕಳ ಸಹಜ ಉತ್ತರ "ಅರ್ಧ ಬಿಂಬ". ನಿಜದಲ್ಲಿ ಬಿಂಬ ಪೂರ್ತಿ ಬರುತ್ತದೆ, ಮಂಕಾಗಿರುತ್ತದೆ ಅಷ್ಟೇ.

ಹೆಜ್ಜೆ 2: ಎರಡೇ ವಿಧಾನ, ಒಂದೇ ವ್ಯತ್ಯಾಸ

ಹೋಲಿಸಲು ಸಿಗುವ ವಿಧಾನಗಳು ಹಲವು. ಬೋರ್ಡ್ ಮೇಲೆ ವಿವರಿಸುವುದು. ಶಿಕ್ಷಕರೇ ಮೇಜಿನ ಮೇಲೆ ಪ್ರಯೋಗ ಮಾಡಿ ತೋರಿಸುವುದು. ಮಕ್ಕಳು ಗುಂಪಿನಲ್ಲಿ ಮಾಡುವುದು. ಪ್ರಯೋಗಕ್ಕೆ ಮೊದಲು ಏನಾಗುತ್ತದೆ ಅಂತ ಮಕ್ಕಳಿಂದ ಬರೆಸಿ, ಆಮೇಲೆ ತೋರಿಸಿ, ತಪ್ಪಿದ್ದೆಲ್ಲಿ ಅಂತ ಅವರಿಂದಲೇ ಹೇಳಿಸುವುದು. ಇದನ್ನು ಊಹಿಸು–ನೋಡು–ವಿವರಿಸು ಅನ್ನೋಣ.

ಇನ್ನೊಂದು, ಬಹು ಆಯ್ಕೆ ಪ್ರಶ್ನೆ ಕೊಟ್ಟು ಪಕ್ಕದವರ ಜೊತೆ ವಾದ ಮಾಡಿಸುವುದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಪ್ರಶ್ನೆ ಹಾಕಿ, ಪ್ರತಿಯೊಬ್ಬರಿಂದ ಉತ್ತರ ಪಡೆದು, ಸರಿ ಉತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆ ಇದ್ದರೆ ಮತ್ತೆ ವಿವರಿಸುವುದು, ಶೇ. 70 ದಾಟಿದರೆ ಮುಂದಕ್ಕೆ ಹೋಗುವುದು, ನಡುವೆ ಇದ್ದರೆ ಮಕ್ಕಳೇ ಚರ್ಚೆ ಮಾಡಲಿ ಎಂಬ ಲೆಕ್ಕ. ಇದಕ್ಕೆ ಯಂತ್ರ ಏನೂ ಬೇಡ. ಎದೆಯ ಹತ್ತಿರ ಬೆರಳು ತೋರಿಸಿದರೆ ಸಾಕು, ಪಕ್ಕದವರಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಐದನ್ನೂ ಒಟ್ಟಿಗೆ ಹೋಲಿಸಲು ಹೋಗಬೇಡಿ. ಎರಡನ್ನು ಆರಿಸಿ. ಆ ಎರಡರ ನಡುವೆ ಒಂದೇ ಒಂದು ವ್ಯತ್ಯಾಸ ಇರಲಿ. ಹೆಚ್ಚಿನ ಹೋಲಿಕೆಗಳು ಕೆಡುವುದು ಇಲ್ಲೇ. ಒಂದು ಸೆಕ್ಷನ್‌ಗೆ ಸುಮ್ನೆ ಪುಸ್ತಕ ಓದಿಸಿ, ಇನ್ನೊಂದಕ್ಕೆ ಎರಡು ಪೀರಿಯಡ್ ಪ್ರಯೋಗ, ವಿಡಿಯೊ, ಚಾರ್ಟ್, ಕ್ವಿಜ್ ಎಲ್ಲ ಮಾಡಿಸಿ "ಚಟುವಟಿಕೆ ವಿಧಾನ ಗೆದ್ದಿತು" ಅಂದರೆ, ಗೆದ್ದದ್ದು ಪ್ರಯೋಗವೋ ವಿಡಿಯೊವೋ ಹೆಚ್ಚುವರಿ ಪೀರಿಯಡ್ಡೋ ಯಾರಿಗೆ ಗೊತ್ತು?

ನನ್ನ ಸಲಹೆ ಇದು. ಎರಡೂ ಸೆಕ್ಷನ್‌ನಲ್ಲಿ ಅದೇ ಪ್ರಯೋಗ ನೀವೇ ಮಾಡಿ ತೋರಿಸಿ. ಒಂದರಲ್ಲಿ ವಿವರಿಸುತ್ತಾ ತೋರಿಸಿ. ಇನ್ನೊಂದರಲ್ಲಿ ಮೊದಲು ಊಹೆ ಬರೆಸಿ, ಆಮೇಲೆ ತೋರಿಸಿ. ಸಲಕರಣೆ ಒಂದೇ, ಸಮಯ ಒಂದೇ, ಶಿಕ್ಷಕರು ಒಬ್ಬರೇ. ವ್ಯತ್ಯಾಸ ಊಹೆ ಬರೆಸಿದ್ದು ಮತ್ತು ಅದರ ಮೇಲಿನ ಮಾತು ಮಾತ್ರ. ಮೊದಲ ಸಲ ಹೋಲಿಸುವವರಿಗೆ ಇದಕ್ಕಿಂತ ಸುಲಭದ ಜೋಡಿ ಸಿಗುವುದಿಲ್ಲ.

ಬೋರ್ಡ್ ಮೇಲಿನ ವಿವರಣೆಯನ್ನು ಕೀಳಾಗಿ ಕಾಣುವ ಚಾಳಿ ಈಗ ಜಾಸ್ತಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಕಿರಣ ರೇಖಾಚಿತ್ರ ಬರೆಯುವುದು ಇಂಥವುಗಳನ್ನು ಮಕ್ಕಳೇ ಕಂಡುಹಿಡಿಯಲಿ ಅಂತ ಬಿಟ್ಟರೆ ಪೀರಿಯಡ್ ಹಾಳು. ಬಿಡಿಸಿದ ಉದಾಹರಣೆಗಳನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವುದೇ ಅಲ್ಲಿ ಸರಿ. ಹೊಸಬರಿಗೆ ಮಾರ್ಗದರ್ಶನ ಕಡಿಮೆ ಮಾಡಿ ಕಲಿಸುವುದು ಯಾಕೆ ಫಲಿಸುವುದಿಲ್ಲ ಅಂತ ಶಿಕ್ಷಣ ಮನೋವಿಜ್ಞಾನಿಗಳಾದ ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಬರೆದ ಪ್ರಬಂಧ ಇಂದಿಗೂ ಜಗಳ ಹುಟ್ಟಿಸುತ್ತದೆ. ಅವರ ಮಾತು ಎಲ್ಲ ಪಾಠಕ್ಕೂ ಹೊಂದುತ್ತದೋ ಇಲ್ಲವೋ, ಕೌಶಲದ ಪಾಠಗಳಿಗಂತೂ ಹೊಂದುತ್ತದೆ.

ಹೆಜ್ಜೆ 3: ಸೆಕ್ಷನ್‌ಗಳ ಅಸಮತೋಲನ ಸರಿದೂಗಿಸಿ

ನಮ್ಮ ಶಾಲೆಗಳಲ್ಲಿ ಎ ಸೆಕ್ಷನ್ ಮತ್ತು ಬಿ ಸೆಕ್ಷನ್ ಸಮ ಇರುವುದು ಅಪರೂಪ. ಕೆಲವೆಡೆ ಅಂಕ ನೋಡಿ ಭಾಗ ಮಾಡಿರುತ್ತಾರೆ. ಕೆಲವೆಡೆ ಒಂದು ಕನ್ನಡ ಮಾಧ್ಯಮ, ಇನ್ನೊಂದು ಇಂಗ್ಲಿಷ್ ಮಾಧ್ಯಮ. ಒಂದಕ್ಕೆ ವಿಜ್ಞಾನ ಬೆಳಗಿನ ಮೊದಲ ಪೀರಿಯಡ್, ಇನ್ನೊಂದಕ್ಕೆ ಬಿಸಿಯೂಟ ಆದ ಮೇಲೆ. ಊಟದ ನಂತರದ ಪೀರಿಯಡ್‌ನಲ್ಲಿ ಯಾವ ವಿಧಾನವೂ ಸ್ವಲ್ಪ ಸೋತೇ ಸೋಲುತ್ತದೆ, ಅಲ್ವಾ?

ಇದಕ್ಕೆ ಪರಿಹಾರ ಅದಲುಬದಲು. ವಿದ್ಯುಚ್ಛಕ್ತಿ ಪಾಠದಲ್ಲಿ ಎ ಸೆಕ್ಷನ್‌ಗೆ ಊಹೆಯ ವಿಧಾನ, ಬಿ ಸೆಕ್ಷನ್‌ಗೆ ವಿವರಿಸುತ್ತಾ ತೋರಿಸುವ ವಿಧಾನ. ಬೆಳಕಿನ ಪಾಠದ ಅರ್ಧ ಮುಚ್ಚಿದ ಮಸೂರಕ್ಕೆ ಬಂದಾಗ ಉಲ್ಟಾ ಮಾಡಿ. ಎರಡೂ ಪಾಠದಲ್ಲಿ ಊಹೆ ಬರೆಸಿದ ಸೆಕ್ಷನ್ನೇ ಮುಂದಿದ್ದರೆ ಅದಕ್ಕೆ ಬೆಲೆ ಇದೆ. ಎರಡೂ ಸಲ ಎ ಸೆಕ್ಷನ್ನೇ ಮುಂದಿದ್ದರೆ ನಿಮಗೆ ತಿಳಿದದ್ದು ಎ ಸೆಕ್ಷನ್ ಬಗ್ಗೆ, ವಿಧಾನದ ಬಗ್ಗೆ ಅಲ್ಲ.

ಒಂದೇ ಸೆಕ್ಷನ್ ಇರುವ ಹಳ್ಳಿಯ ಹೈಸ್ಕೂಲಿನಲ್ಲಿ? ಎರಡು ದಾರಿ. ಪಕ್ಕದ ಶಾಲೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಜೊತೆ ಮಾತಾಡಿಕೊಂಡು ಇಬ್ಬರೂ ಅದಲುಬದಲು ಮಾಡುವುದು ಒಂದು. ಅದೇ ಮಕ್ಕಳಿಗೆ ಒಂದು ತೊಡಕನ್ನು ಒಂದು ವಿಧಾನದಲ್ಲಿ, ಅಷ್ಟೇ ಕಷ್ಟದ ಇನ್ನೊಂದು ತೊಡಕನ್ನು ಇನ್ನೊಂದು ವಿಧಾನದಲ್ಲಿ ಕಲಿಸಿ, ಮುಂದಿನ ವರ್ಷದ ಮಕ್ಕಳಿಗೆ ಉಲ್ಟಾ ಮಾಡುವುದು ಇನ್ನೊಂದು. ಎರಡನೆಯದು ನಿಧಾನ, ಆದರೆ ಯಾರನ್ನೂ ಕೇಳಬೇಕಾಗಿಲ್ಲ.

ಎರಡೂ ಸೆಕ್ಷನ್‌ಗೆ ಪಾಠವನ್ನು ಒಂದೇ ದಿನ ಮುಗಿಸಿ. ನಾಳೆಗೆ ಇಟ್ಟರೆ ಊಟದ ಹೊತ್ತಿನಲ್ಲಿ "ಎರಡೂ ಒಂದೇ ಥರ ಉರಿಯುತ್ತೆ ಕಣೋ" ಅಂತ ಸುದ್ದಿ ಹೋಗಿಬಿಟ್ಟಿರುತ್ತದೆ. ಸಂತೆ ದಿನ, ಜಾತ್ರೆ ಮರುದಿನ ಬೇಡ, ಹಾಜರಾತಿ ಅರ್ಧಕ್ಕೆ ಇಳಿದಿರುತ್ತದೆ.

ಹೆಜ್ಜೆ 4: ಹತ್ತು ಪ್ರಶ್ನೆಗಳ ಹಾಳೆ

ಇಡೀ ಹೋಲಿಕೆ ನಿಂತಿರುವುದು ಈ ಹಾಳೆಯ ಮೇಲೆ. ಪಾಠಕ್ಕೆ ಮೊದಲು ಒಮ್ಮೆ, ಪಾಠದ ಮರುದಿನ ಒಮ್ಮೆ, ಮೂರು ವಾರ ಬಿಟ್ಟು ಒಮ್ಮೆ ಇದನ್ನು ಕೊಡುತ್ತೀರಿ. ಪ್ರಶ್ನೆಗಳ ಕ್ರಮ, ಬಲ್ಬುಗಳ ಹೆಸರು, ಸಂಖ್ಯೆಗಳನ್ನು ಬದಲಿಸಿ, ತಿರುಳು ಅದೇ ಇರಲಿ. ಮೊದಲ ಸಲ ಬರೆಸಿದ ಮೇಲೆ ಸರಿ ಉತ್ತರ ಹೇಳಬೇಡಿ, ಹಾಳೆ ವಾಪಸ್ ಕೊಡಬೇಡಿ. ಮಕ್ಕಳು ಕೇಳಿಯೇ ಕೇಳುತ್ತಾರೆ, ಪಾಠದಲ್ಲಿ ಗೊತ್ತಾಗುತ್ತದೆ ಅನ್ನಿ.

ಹಾಳೆಯಲ್ಲಿ ಆರು ಪ್ರಶ್ನೆ ಅರ್ಥ ಕೆದಕುವಂಥವು ಇರಲಿ. ಒಂದೆರಡು ಮಾದರಿ:

ಎರಡು ಒಂದೇ ಥರದ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ. ಸೆಲ್ಲಿನ ಧನಾಗ್ರಕ್ಕೆ ಹತ್ತಿರ ಇರುವುದು ಕ, ದೂರ ಇರುವುದು ಖ. ಯಾವುದು ಹೆಚ್ಚು ಬೆಳಗುತ್ತದೆ? (ಅ) ಕ, ಏಕೆಂದರೆ ಪ್ರವಾಹ ಮೊದಲು ಅಲ್ಲಿಗೆ ಬರುತ್ತದೆ (ಆ) ಖ, ಏಕೆಂದರೆ ಪ್ರವಾಹ ಅಲ್ಲಿ ಕೊನೆಗೊಳ್ಳುತ್ತದೆ (ಇ) ಎರಡೂ ಸಮ, ಏಕೆಂದರೆ ಎರಡಕ್ಕೂ ಅದೇ ಪ್ರವಾಹ (ಈ) ಎರಡೂ ಸಮ, ಏಕೆಂದರೆ ಪ್ರವಾಹ ಅರ್ಧ ಅರ್ಧ ಹಂಚಿಹೋಗುತ್ತದೆ.

ಬಲ್ಬಿಗೆ ಮುಂಚೆ ಇರುವ ಅಮ್ಮೀಟರ್ 0.2 ಆಂಪಿಯರ್ ತೋರಿಸುತ್ತಿದೆ. ಬಲ್ಬಿನ ನಂತರ ಇರುವ ಅಮ್ಮೀಟರ್ ಎಷ್ಟು ತೋರಿಸುತ್ತದೆ?

ಮೊದಲ ಪ್ರಶ್ನೆಯ ಆಯ್ಕೆ (ಈ) ನೋಡಿ. "ಎರಡೂ ಸಮ" ಅಂತ ಹೇಳಿದರೂ ಕಾರಣ ತಪ್ಪಾಗಿರುವ ಮಗುವನ್ನು ಅದು ಹಿಡಿಯುತ್ತದೆ. ತಪ್ಪು ಆಯ್ಕೆಗಳನ್ನು ನೀವೇ ಕೂತು ಹೊಸೆಯಬೇಡಿ. ಹಿಂದಿನ ವರ್ಷದ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ, ತರಗತಿಯಲ್ಲಿ ಮಕ್ಕಳ ಬಾಯಲ್ಲಿ ಬಂದ ಮಾತುಗಳನ್ನೇ ಹಾಕಿ. ಅವೇ ನಿಜವಾದ ಬಲೆ.

ಉಳಿದ ನಾಲ್ಕು ಪ್ರಶ್ನೆ ಎಸ್‌ಎಸ್‌ಎಲ್‌ಸಿ ಮಾದರಿಯವು ಇರಲಿ. 6 ಓಮ್ ಮತ್ತು 3 ಓಮ್ ರೋಧಕಗಳು ಸರಣಿಯಲ್ಲಿ, 4.5 ವೋಲ್ಟ್ ಬ್ಯಾಟರಿ, ಪ್ರವಾಹ ಎಷ್ಟು? (0.5 ಆಂಪಿಯರ್.) ಅರ್ಥ ಮೂಡಿಸುವ ವಿಧಾನ ಲೆಕ್ಕದಲ್ಲಿ ಹಿಂದೆ ಬೀಳಿಸುತ್ತದಾ ಅನ್ನುವುದೂ ನಿಮಗೆ ಗೊತ್ತಾಗಬೇಕು. ಮುಖ್ಯ ಶಿಕ್ಷಕರು ಕೇಳುವ ಮೊದಲ ಪ್ರಶ್ನೆ ಅದೇ.

ಪರೀಕ್ಷೆ ಮತ್ತು ವಿಧಾನ ಒಂದಕ್ಕೊಂದು ಹೊಂದಬೇಕು ಎಂಬುದನ್ನು ನಮ್ಮ ದೇಶದಲ್ಲೇ ಒಂದು ಕಾರ್ಯಕ್ರಮ ಚೆನ್ನಾಗಿ ತೋರಿಸಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮ ಅದು. 6ರಿಂದ 8ನೇ ತರಗತಿಯ ಮಕ್ಕಳು ಕಿಟ್ ಹಿಡಿದು ಪ್ರಯೋಗ ಮಾಡುತ್ತಲೇ ವಿಜ್ಞಾನ ಕಲಿತರು. ಅಲ್ಲಿ ಪರೀಕ್ಷೆಯನ್ನೂ ಬದಲಿಸಿದರು. ಪುಸ್ತಕ ನೋಡಿ ಬರೆಯಬಹುದಿತ್ತು, ಜೊತೆಗೆ ಕೈಯಾರೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 2002ರಲ್ಲಿ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು, ಅದು ಬೇರೆಯದೇ ಕತೆ. ನಮಗೆ ಬೇಕಾದದ್ದು ಇಷ್ಟು: ಪ್ರಯೋಗದ ಮೂಲಕ ಕಲಿಸಿ, ವ್ಯಾಖ್ಯೆ ಬರೆಯಿರಿ ಅಂತ ಪರೀಕ್ಷೆ ಕೊಟ್ಟರೆ ಪ್ರಯೋಗ ಸೋಲುವುದು ಮೊದಲೇ ಗೊತ್ತಾದ ಫಲಿತಾಂಶ.

ಹಾಳೆಯ ಕೆಳಗೆ ಒಂದು ಸಾಲು ಸೇರಿಸಿ: "ಈ ಪಾಠ ನಿನಗೆ ಟ್ಯೂಷನ್‌ನಲ್ಲಿ ಆಗಿದೆಯಾ?" ಹೌದು ಅಂದವರನ್ನು ಬೇರೆ ಗುರುತು ಮಾಡಿಟ್ಟುಕೊಳ್ಳಿ. ಇದು ಅಂಕಕ್ಕೆ ಸೇರುವುದಿಲ್ಲ ಅಂತಲೂ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಕ್ಕೆ ಸೇರುತ್ತದೆ ಅಂದುಕೊಂಡರೆ ಪಕ್ಕದವರ ಹಾಳೆ ನೋಡುತ್ತಾರೆ, ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮ.

ಹೆಜ್ಜೆ 5: ಪಾಠದ ದಿನ

ಬೇಕಾದ ಸಾಮಾನು: 1.5 ವೋಲ್ಟಿನ ಹೊಸ ಸೆಲ್ ಎರಡು, 2.5 ವೋಲ್ಟಿನ ಟಾರ್ಚ್ ಬಲ್ಬ್ ಎರಡು, ಹೋಲ್ಡರ್, ವೈರು, ಸ್ವಿಚ್, 0–500 ಮಿಲಿಆಂಪಿಯರ್ ಅಮ್ಮೀಟರ್ ಎರಡು. ಎಲ್‌ಇಡಿ ಟಾರ್ಚಿನ ಬಲ್ಬ್ ಬೇಡ, ತಂತಿ ಕಾದು ಬೆಳಗುವ ಹಳೆಯ ಬಲ್ಬೇ ಬೇಕು. ಇವತ್ತು ಅಂಗಡಿಯಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಮೊದಲೇ ಹುಡುಕಿಟ್ಟುಕೊಳ್ಳಿ.

ಹಿಂದಿನ ದಿನ ಸಂಜೆ ಒಮ್ಮೆ ಜೋಡಿಸಿ ನೋಡಿ. ಒಂದೇ ಅಂಗಡಿಯಲ್ಲಿ, ಒಂದೇ ಡಬ್ಬಿಯಿಂದ ತಂದ ಬಲ್ಬುಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಸರಣಿಯಲ್ಲಿ ಹಾಕಿದಾಗ ಒಂದು ಸ್ವಲ್ಪ ಜಾಸ್ತಿ ಬೆಳಗಿತು ಅಂದುಕೊಳ್ಳಿ. ಅದು ಧನಾಗ್ರದ ಕಡೆ ಇದ್ದರಂತೂ ಮಕ್ಕಳ ತಪ್ಪು ನಂಬಿಕೆಗೆ ನೀವೇ ಮುದ್ರೆ ಒತ್ತಿದ ಹಾಗೆ. ಮೂರು ನಾಲ್ಕು ಬಲ್ಬುಗಳಲ್ಲಿ ಸಮನಾಗಿ ಬೆಳಗುವ ಜೋಡಿ ಆರಿಸಿ. ಆದರೂ ಸಣ್ಣ ವ್ಯತ್ಯಾಸ ಉಳಿದರೆ, ತರಗತಿಯಲ್ಲಿ ಎರಡು ಬಲ್ಬುಗಳ ಜಾಗ ಅದಲುಬದಲು ಮಾಡಿ ತೋರಿಸಿ. ಬೆಳಕಿನ ವ್ಯತ್ಯಾಸ ಬಲ್ಬಿನ ಜೊತೆ ಹೋಗುತ್ತದೆಯೇ ಹೊರತು ಜಾಗದ ಜೊತೆ ಉಳಿಯುವುದಿಲ್ಲ.

ಅಮ್ಮೀಟರ್ ಕತೆಯೂ ಹಾಗೇ. ಬಲ್ಬಿನ ಮುಂಚೆ ಒಂದು, ನಂತರ ಒಂದು ಇಟ್ಟಾಗ ಒಂದು 200 ತೋರಿಸಿ ಇನ್ನೊಂದು 190 ತೋರಿಸಬಹುದು. ಹಿಂದಿನ ಬೆಂಚಿನಿಂದ "ನೋಡಿ ಸರ್, ಕಡಿಮೆ ಆಯ್ತು!" ಅಂತ ಕೂಗು ಬರುತ್ತದೆ. "ಅದು ಉಪಕರಣದ ದೋಷ" ಅಂತ ಹೇಳಿ ಮುಚ್ಚಿಹಾಕಬೇಡಿ. ಎರಡೂ ಮೀಟರಿನ ಜಾಗ ಬದಲಿಸಿ. ಕಡಿಮೆ ತೋರಿಸಿದ ಮೀಟರ್ ಈಗ ಬಲ್ಬಿಗೆ ಮುಂಚೆ ಇದ್ದರೂ ಕಡಿಮೆಯನ್ನೇ ತೋರಿಸಿದರೆ, ಕಡಿಮೆಯಾದದ್ದು ಪ್ರವಾಹವಲ್ಲ, ಮೀಟರಿನ ಗುಣ. ಇಡೀ ಪಾಠದಲ್ಲಿ ಇದಕ್ಕಿಂತ ಬೆಲೆಬಾಳುವ ಎರಡು ನಿಮಿಷ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡೂ ಸೆಕ್ಷನ್‌ನಲ್ಲಿ ಇದನ್ನು ಮಾಡಿ.

ಈಗ ಸಮಯದ ಹಂಚಿಕೆ. ವಿವರಿಸುತ್ತಾ ತೋರಿಸುವ ಸೆಕ್ಷನ್‌ನಲ್ಲಿ 10 ನಿಮಿಷ ಬೋರ್ಡ್ ಮೇಲೆ ಮಂಡಲದ ಚಿತ್ರ ಮತ್ತು ವಿವರಣೆ, 15 ನಿಮಿಷ ಪ್ರಯೋಗ, 10 ನಿಮಿಷ ಪ್ರಶ್ನೋತ್ತರ ಮತ್ತು ಟಿಪ್ಪಣಿ. ಊಹೆಯ ಸೆಕ್ಷನ್‌ನಲ್ಲಿ ಮಂಡಲದ ಚಿತ್ರ ಬರೆದು, ಸ್ವಿಚ್ ಒತ್ತುವ ಮೊದಲು ಪ್ರತಿಯೊಬ್ಬರೂ ಪುಸ್ತಕದಲ್ಲಿ ಉತ್ತರ ಮತ್ತು ಒಂದು ಸಾಲಿನ ಕಾರಣ ಬರೆಯಲು 5 ನಿಮಿಷ. ಪಕ್ಕದವರ ಜೊತೆ ವಾದಕ್ಕೆ 5 ನಿಮಿಷ. 15 ನಿಮಿಷ ಪ್ರಯೋಗ. ಕೊನೆಯ 10 ನಿಮಿಷ, ಊಹೆ ತಪ್ಪಿದವರು ಯಾಕೆ ತಪ್ಪಿತು ಅಂತ ಬರೆಯುವುದು ಮತ್ತು ನಿಮ್ಮ ಕೊನೆಯ ವಿವರಣೆ. ಉಳಿದ 5 ನಿಮಿಷ ಎರಡೂ ಕಡೆ ಹಾಜರಾತಿಗೆ, ಗದ್ದಲಕ್ಕೆ.

ಊಹೆಯನ್ನು ಬಾಯಲ್ಲಿ ಕೇಳಿ ಬಿಡಬೇಡಿ, ಬರೆಸಿಯೇ ತೀರಿ. ಬಾಯಲ್ಲಿ ಕೇಳಿದರೆ ಮೊದಲ ಬೆಂಚಿನ ಇಬ್ಬರು ಉತ್ತರ ಹೇಳುತ್ತಾರೆ, ಉಳಿದವರು "ನಾನೂ ಅದನ್ನೇ ಅಂದುಕೊಂಡಿದ್ದೆ" ಅಂತ ತಲೆಯಾಡಿಸುತ್ತಾರೆ. ಪೆನ್ನಿನಲ್ಲಿ ಬರೆದದ್ದನ್ನು ಆಮೇಲೆ ಅಳಿಸಲಾಗುವುದಿಲ್ಲ. ತಪ್ಪಿದರೆ ನಗೆಪಾಟಲಾಗುವುದಿಲ್ಲ ಎಂಬ ಧೈರ್ಯವನ್ನೂ ಕೊಡಿ, ಇಲ್ಲದಿದ್ದರೆ ಖಾಲಿ ಪುಟ ಸಿಗುತ್ತದೆ.

ನಿಮಗೆ ಇಷ್ಟವಾದ ವಿಧಾನಕ್ಕೆ ನಿಮ್ಮ ಉತ್ಸಾಹ ತಾನಾಗಿಯೇ ಜಾಸ್ತಿ ಸುರಿಯುತ್ತದೆ. ಅದನ್ನು ಪೂರ್ತಿ ತಡೆಯಲಾಗದು, ಕಡಿಮೆ ಮಾಡಬಹುದು. ಎರಡೂ ಪಾಠ ಯೋಜನೆಗಳನ್ನು ಮೊದಲೇ ಬರೆಯಿರಿ, ಕೇಳುವ ಪ್ರಶ್ನೆಗಳ ಸಂಖ್ಯೆ ಸಮ ಇರಲಿ. ಸಾಧ್ಯವಾದರೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಎಷ್ಟು ಮಕ್ಕಳು ಬಾಯಿ ಬಿಟ್ಟರು, ಯಾವ ಸಾಲಿನವರು, ಹುಡುಗಿಯರೆಷ್ಟು ಅಂತ ಗೆರೆ ಹಾಕಿಕೊಳ್ಳಲು ಹೇಳಿ. ಗುಂಪು ಪ್ರಯೋಗವನ್ನು ಹೋಲಿಸುವವರಿಗೆ ಈ ಗೆರೆಗಳು ಇನ್ನೂ ಮುಖ್ಯ. ಆರು ಜನರ ಗುಂಪಿನಲ್ಲಿ ವೈರು ಹಿಡಿಯುವವರು ಇಬ್ಬರು, ನೋಡುವವರು ನಾಲ್ವರು. ಹುಡುಗರು ಜೋಡಿಸಿ ಹುಡುಗಿಯರು ಟಿಪ್ಪಣಿ ಬರೆದರೆ, ಅಲ್ಲಿ ಎರಡು ಬೇರೆ ಬೇರೆ ಪಾಠ ನಡೆಯಿತು ಅಂತಲೇ ಲೆಕ್ಕ.

ಹೆಜ್ಜೆ 6: ಮೂರು ವಾರ ಕಾಯಿರಿ

ಮರುದಿನದ ಹಾಳೆ ತಿದ್ದಿದ ಕೂಡಲೇ ತೀರ್ಮಾನ ಹೇಳುವ ಆಸೆ ಆಗುತ್ತದೆ. ತಡೆಯಿರಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗ ನೋಡಿ. ಒಂದು ಗುಂಪು ಪಾಠದ ತುಣುಕನ್ನು ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ನೆನಪಿಸಿಕೊಂಡು ಬರೆಯಿತು. 5 ನಿಮಿಷದ ನಂತರ ಪರೀಕ್ಷೆ ಕೊಟ್ಟಾಗ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೊಟ್ಟಾಗ ನೆನಪಿಸಿಕೊಂಡು ಬರೆದವರು ಮುಂದೆ. ಅದೇ ಎರಡು ವಿಧಾನ, ಪರೀಕ್ಷೆಯ ದಿನ ಬದಲಾದ ಕೂಡಲೇ ಗೆದ್ದವರು ಬದಲಾದರು. ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆಯುವುದು ಪಾಠ ಆಗಿ ಎಷ್ಟೋ ತಿಂಗಳ ಮೇಲೆ. ಮರುದಿನದ ಅಂಕಕ್ಕಿಂತ ಮೂರು ವಾರದ ಅಂಕ ನಂಬುವುದು ಜಾಣತನ.

ಆ ಮೂರು ವಾರದಲ್ಲಿ ಒಂದು ಸೆಕ್ಷನ್‌ಗೆ ಮಾತ್ರ ಪುನರಾವರ್ತನೆ ಮಾಡಿಸಿಬಿಡಬೇಡಿ. ಹಾಳೆ ಕೊಡುವ ದಿನವನ್ನು ಮೊದಲೇ ಹೇಳಲೂಬೇಡಿ.

ಮಕ್ಕಳಿಗೆ ಯಾವುದು ಇಷ್ಟವಾಯಿತು ಅಂತ ಬೇಕಾದರೆ ಕೇಳಿ, ಆದರೆ ಅದನ್ನು ಕಲಿಕೆಯ ಅಳತೆ ಮಾಡಬೇಡಿ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ತಾವೇ ತಲೆ ಓಡಿಸಿ ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವು ಅಂತ ಅಂದುಕೊಂಡಿದ್ದರು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾಯಿತು ಅನಿಸಿತ್ತು. "ಸರ್ ಚೆನ್ನಾಗಿ ಪಾಠ ಮಾಡ್ತಾರೆ" ಎಂಬ ಮಾತು ಕೇಳಲು ಹಿತ, ಪುರಾವೆಯಾಗಿ ದುರ್ಬಲ.

ಹೆಜ್ಜೆ 7: ಲೆಕ್ಕ

ಹಾಳೆಗಳನ್ನು ತಿದ್ದುವಾಗ ಹೆಸರು, ಸೆಕ್ಷನ್ ಕಾಣದ ಹಾಗೆ ಮೇಲ್ಭಾಗ ಮಡಚಿ, ಎರಡೂ ಸೆಕ್ಷನ್ ಬೆರೆಸಿ ತಿದ್ದಿ. ಮೂರೂ ಹಾಳೆ ಬರೆದ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಗೈರಾದವರನ್ನು ಸೊನ್ನೆ ಅಂತ ಸೇರಿಸಿದರೆ ಸರಾಸರಿ ಹಾಳಾಗುತ್ತದೆ.

ಈಗ ಎಷ್ಟು ಅಂಕ ಏರಿತು ಅಂತ ಸುಮ್ನೆ ಕಳೆದರೆ ಸಾಲದು. ಎ ಸೆಕ್ಷನ್ ಸರಾಸರಿ ಹತ್ತಕ್ಕೆ 3 ಇದ್ದದ್ದು 6.5 ಆಯಿತು ಅನ್ನಿ, ಏರಿಕೆ 3.5. ಬಿ ಸೆಕ್ಷನ್ 5 ಇದ್ದದ್ದು 7.5 ಆಯಿತು, ಏರಿಕೆ 2.5. ಎ ಗೆದ್ದಿತು ಅನಿಸುತ್ತದೆ. ಆದರೆ ಎ ಸೆಕ್ಷನ್‌ಗೆ ಏರಲು 7 ಅಂಕದ ಜಾಗ ಇತ್ತು, ಬಿ ಸೆಕ್ಷನ್‌ಗೆ 5 ಮಾತ್ರ. ಏರಿದ್ದನ್ನು ಏರಬಹುದಾಗಿದ್ದರಿಂದ ಭಾಗಿಸಿ. 3.5 ಭಾಗಿಸು 7, ಅಂದರೆ 0.5. 2.5 ಭಾಗಿಸು 5, ಅದೂ 0.5. ಎರಡೂ ಸಮ.

ಈ ಲೆಕ್ಕವನ್ನು ಬಳಕೆಗೆ ತಂದವರು ಭೌತಶಾಸ್ತ್ರ ಪ್ರಾಧ್ಯಾಪಕ ರಿಚರ್ಡ್ ಹೇಕ್. ಅಮೆರಿಕದ 62 ಭೌತಶಾಸ್ತ್ರ ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು 1998ರಲ್ಲಿ ಅವರು ಒಟ್ಟುಗೂಡಿಸಿದರು. ಉಪನ್ಯಾಸವೇ ಮುಖ್ಯವಾಗಿದ್ದ ಕೋರ್ಸುಗಳಲ್ಲಿ ಈ ಅಳತೆಯ ಸರಾಸರಿ 0.23. ವಿದ್ಯಾರ್ಥಿಗಳನ್ನು ಯೋಚನೆಗೆ, ಚರ್ಚೆಗೆ ಹಚ್ಚಿದ ಕೋರ್ಸುಗಳಲ್ಲಿ 0.48. ಅಲ್ಲಿದ್ದದ್ದು ಹೆಚ್ಚಾಗಿ ಕಾಲೇಜು ಮಕ್ಕಳು, ಅಮೆರಿಕದವರು, ವಿಷಯ ಬಲ ಮತ್ತು ಚಲನೆ. ಹಾಗಾಗಿ ಆ ಸಂಖ್ಯೆಗಳನ್ನು ನಮ್ಮ ಹತ್ತನೇ ತರಗತಿಗೆ ಗುರಿಯಾಗಿ ಇಟ್ಟುಕೊಳ್ಳಬೇಡಿ. ಅಳತೆಗೋಲು ಮಾತ್ರ ಎರವಲು ಪಡೆಯಿರಿ.

ಎಷ್ಟು ವ್ಯತ್ಯಾಸ ಇದ್ದರೆ ನಂಬಬಹುದು? ತಲಾ 30 ಮಕ್ಕಳ ಎರಡು ಸೆಕ್ಷನ್, 10 ಅಂಕದ ಹಾಳೆ, ಮಕ್ಕಳ ಅಂಕ ಸರಾಸರಿಯಿಂದ 2ರಷ್ಟು ಆಚೀಚೆ ಹರಡಿದೆ ಅನ್ನಿ. ಆಗ ಸರಾಸರಿಗಳ ನಡುವೆ ಅರ್ಧ ಅಂಕದ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬಂದೀತು. 1 ಅಂಕಕ್ಕಿಂತ ಜಾಸ್ತಿ ಇದ್ದರೆ ಗಮನ ಕೊಡಿ. ಅದಕ್ಕಿಂತ ಕಡಿಮೆ ಇದ್ದರೆ "ವ್ಯತ್ಯಾಸ ಕಾಣಲಿಲ್ಲ" ಅಂತ ಬರೆದುಕೊಳ್ಳಿ. ಅದೂ ಒಂದು ಉತ್ತರವೇ. ವ್ಯತ್ಯಾಸ ಇಲ್ಲದಿದ್ದರೆ ಕಡಿಮೆ ತಯಾರಿ ಬೇಡುವ ವಿಧಾನ ಆರಿಸಲು ನಿಮಗೆ ಕಾರಣ ಸಿಕ್ಕಿತು.

ಹೆಜ್ಜೆ 8: ಸರಾಸರಿ ಬಿಟ್ಟು ಒಳಗೆ ನೋಡಿ

ನನ್ನ ಮಟ್ಟಿಗೆ ನಿಜವಾದ ಮಾಹಿತಿ ಇರುವುದು ಇಲ್ಲಿ. ಪ್ರಶ್ನೆವಾರು ನೋಡಿ. ಒಂದು ಹಾಳೆಯಲ್ಲಿ ಅಡ್ಡ ಸಾಲಿಗೆ ಪ್ರಶ್ನೆ ಸಂಖ್ಯೆ, ಉದ್ದ ಸಾಲಿಗೆ ಅ, ಆ, ಇ, ಈ ಆಯ್ಕೆಗಳು. ಪ್ರತಿ ಚೌಕದಲ್ಲಿ ಎಷ್ಟು ಮಕ್ಕಳು ಅಂತ ಬರೆಯಿರಿ. ಪಾಠಕ್ಕೆ ಮೊದಲು "ಕ ಹೆಚ್ಚು ಬೆಳಗುತ್ತದೆ" ಅಂದವರು ಈಗ ಎಲ್ಲಿಗೆ ಹೋದರು? ಸರಿ ಉತ್ತರಕ್ಕೆ ಬಂದರಾ, ಅಥವಾ "ಅರ್ಧ ಅರ್ಧ ಹಂಚಿಹೋಗುತ್ತದೆ" ಎಂಬ ಇನ್ನೊಂದು ತಪ್ಪಿಗೆ ಹೋದರಾ? ಪ್ರಯೋಗ ನೋಡಿದವರು ಎರಡೂ ಸಮ ಅನ್ನುವುದನ್ನು ಕಣ್ಣಾರೆ ಕಂಡಿದ್ದಾರೆ. ಕಾರಣ ಮಾತ್ರ ಹಳೆಯದನ್ನೇ ಹೊಸ ಉತ್ತರಕ್ಕೆ ಅಂಟಿಸಿಕೊಂಡಿರಬಹುದು. ಅಂಥವರು ಜಾಸ್ತಿ ಇದ್ದರೆ ಪ್ರಯೋಗ ಸಾಲಲಿಲ್ಲ, ವಿವರಣೆ ಇನ್ನೂ ಬೇಕು ಎಂದರ್ಥ.

ಆಮೇಲೆ ಮಕ್ಕಳನ್ನು ಮೊದಲ ಹಾಳೆಯ ಅಂಕದ ಪ್ರಕಾರ ಮೂರು ಪಾಲು ಮಾಡಿ, ಕೆಳಗಿನ ಪಾಲು ಎಷ್ಟು ಏರಿತು ಅಂತ ಬೇರೆ ನೋಡಿ. ಮೇಲಿನ ಪಾಲಿನವರು ಯಾವ ವಿಧಾನದಲ್ಲೂ ಕಲಿತುಕೊಳ್ಳುತ್ತಾರೆ. ವಿಧಾನದ ಬಿಸಿ ತಟ್ಟುವುದು ಕೆಳಗಿನವರಿಗೆ. ಟ್ಯೂಷನ್ ಗುರುತು ಹಾಕಿದವರನ್ನು ಬಿಟ್ಟು ಒಮ್ಮೆ ಲೆಕ್ಕ ಹಾಕಿ. ಫಲಿತಾಂಶ ತಲೆಕೆಳಗಾದರೆ ಮೊದಲು ನೀವು ಅಳೆದದ್ದು ಟ್ಯೂಷನ್ನನ್ನು.

ಒಂದಿಬ್ಬರು ಮಕ್ಕಳನ್ನು ಕರೆದು ಮಾತಾಡಿಸುವುದನ್ನೂ ಮರೆಯಬೇಡಿ. ಅಂಕ ಇಳಿದವರನ್ನೇ ಕರೆಯಿರಿ. "ಈ ಉತ್ತರ ಯಾಕೆ ಬರೆದೆ ಪುಟ್ಟಾ?" ಅಂತ ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ, ತಿದ್ದಬೇಡಿ. ಮುಂದಿನ ವರ್ಷದ ಹಾಳೆಗೆ ಬೇಕಾದ ತಪ್ಪು ಆಯ್ಕೆಗಳು ಇಲ್ಲೇ ಸಿಗುತ್ತವೆ.

ಕೊನೆಯದಾಗಿ ಮಾಡಬೇಕಾದ ಮೂರು ಕೆಲಸ

ಮೂರನೇ ಹಾಳೆ ಮುಗಿದ ವಾರವೇ ಹಿಂದೆ ಬಿದ್ದ ಸೆಕ್ಷನ್‌ಗೆ ಮುಂದಿದ್ದ ವಿಧಾನದಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಮಾಡಿ. ನಿಮ್ಮ ಕುತೂಹಲಕ್ಕೆ ಅವರು ನಷ್ಟ ಅನುಭವಿಸಬಾರದು. ಒಂದು ಪೀರಿಯಡ್ ಹೋಗುತ್ತದೆ, ಹೋಗಲಿ. ಪೂರ್ವಸಿದ್ಧತಾ ಪರೀಕ್ಷೆಗೆ ಅದೇ ಪುನರಾವರ್ತನೆ ಆಯಿತು.

ಎರಡನೆಯದು, ಖರ್ಚನ್ನೂ ಬರೆದಿಡಿ. ತಯಾರಿಗೆ ಎಷ್ಟು ಹೊತ್ತು ಹಿಡಿಯಿತು, ಸಾಮಾನಿಗೆ ಎಷ್ಟು ದುಡ್ಡು, ಪೋರ್ಷನ್ ಎಷ್ಟು ಹಿಂದೆ ಬಿತ್ತು. 1 ಅಂಕ ಜಾಸ್ತಿ ಬರಲು ಮೂರು ಸಂಜೆ ತಯಾರಿ ಬೇಕು ಅಂದರೆ ಅದನ್ನು ಪ್ರತಿ ಪಾಠಕ್ಕೂ ಮಾಡಲಾಗದು. ಆದರೆ ಊಹೆ ಬರೆಸಲು ಹೆಚ್ಚುವರಿ ಸಾಮಾನು ಏನೂ ಬೇಡ, ಹೆಚ್ಚುವರಿ ಸಮಯವೂ ಬೇಡ. ಅದಕ್ಕೇ ಮೊದಲ ಹೋಲಿಕೆಗೆ ಅದನ್ನು ಸೂಚಿಸಿದ್ದು.

ಮೂರನೆಯದು, ಒಂದು ನೋಟ್‌ಬುಕ್ಕಿನಲ್ಲಿ ಒಂದು ಪಾಠಕ್ಕೆ ಒಂದು ಪುಟ ಇಡಿ. ತೊಡಕು ಯಾವುದು, ಎರಡು ವಿಧಾನ ಯಾವುವು, ಯಾವ ಸೆಕ್ಷನ್‌ಗೆ ಯಾವುದು, ಮೂರು ಸಲದ ಸರಾಸರಿ, ಮೊಂಡಾಗಿ ಉಳಿದ ಒಂದು ತಪ್ಪು ಉತ್ತರ. ಹಾಳೆಯ ಒಂದು ಪ್ರತಿಯನ್ನು ಅಲ್ಲೇ ಅಂಟಿಸಿ. ವರ್ಷಕ್ಕೆ ಎರಡು ಹೋಲಿಕೆ ಸಾಕು, ಅದಕ್ಕಿಂತ ಜಾಸ್ತಿ ಮಾಡಲು ಹೋದರೆ ಪಾಠಕ್ಕಿಂತ ಪರೀಕ್ಷೆಯೇ ಹೆಚ್ಚಾಗುತ್ತದೆ. ವಿಜ್ಞಾನ ಶಿಕ್ಷಕರ ಸಭೆಗೆ ಹೋಗುವಾಗ ಆ ಪುಟ ಹಿಡಿದುಕೊಂಡು ಹೋಗಿ, ಅದೇ ಹಾಳೆಯನ್ನು ತಮ್ಮ ಶಾಲೆಯಲ್ಲಿ ಕೊಟ್ಟು ನೋಡಲು ಇಬ್ಬರನ್ನಾದರೂ ಒಪ್ಪಿಸಿ. ನಿಮ್ಮ 60 ಮಕ್ಕಳ ಜೊತೆ ಅವರ 100 ಮಕ್ಕಳು ಸೇರಿದರೆ, ಅದೃಷ್ಟದ ಪಾಲು ತುಸು ಕಡಿಮೆಯಾಗುತ್ತದೆ.